ಮೂವರು ಅಕ್ಕತಂಗಿಯರ ಪಾಲು

1314ರ ಜೂನ್ 24ರಂದು ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ಎಂಬಲ್ಲಿ ಇಂಗ್ಲೆಂಡಿನ ದೊಡ್ಡ ಸೈನ್ಯ ಸೋತು ಚೆಲ್ಲಾಪಿಲ್ಲಿಯಾಯಿತು. ಸತ್ತವರ ನಡುವೆ ಇಪ್ಪತ್ತಮೂರು ವರ್ಷದ ಒಬ್ಬ ಯುವಕನ ಶವವಿತ್ತು. ಅವನು ಗ್ಲಾಸ್ಟರ್ ಮತ್ತು ಹರ್ಟ್‌ಫರ್ಡ್‌ನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್. ದೊರೆ ಎರಡನೇ ಎಡ್ವರ್ಡನ ಸ್ವಂತ ಅಕ್ಕನ ಮಗ. ಹಿಂದಿನ ದಿನ ಅವನು ಯುದ್ಧವನ್ನು ಒಂದು ದಿನ ಮುಂದೂಡಲು ಹೇಳಿದಾಗ ದೊರೆ ಹೇಡಿಯೆಂದು ಹೀಯಾಳಿಸಿದನಂತೆ. ಆ ಮಾತಿನ ಉರಿಯಲ್ಲಿ ಅವನು ತನ್ನ ವಂಶದ ಲಾಂಛನವಿದ್ದ ಮೇಲಂಗಿಯನ್ನೂ ತೊಡದೆ ಶತ್ರುಗಳ ಭರ್ಜಿಗಳ ಮೇಲೆ ನುಗ್ಗಿದನೆಂದು ಹೇಳಿಕೆಯಿದೆ. ಗುರುತು ಸಿಕ್ಕಿದ್ದರೆ ಸ್ಕಾಟರು ಅವನನ್ನು ಕೊಲ್ಲುತ್ತಿರಲಿಲ್ಲ. ಅಂಥ ಸೆರೆಯಾಳಿಗೆ ಬರಬಹುದಾದ ಬಿಡುಗಡೆ ಹಣ ಅಷ್ಟಿಷ್ಟಲ್ಲ. ಸ್ಕಾಟರ ದೊರೆ ರಾಬರ್ಟ್ ಬ್ರೂಸನ ಹೆಂಡತಿಯೂ ಗಿಲ್ಬರ್ಟನ ಹೆಂಡತಿಯೂ ಒಡಹುಟ್ಟಿದವರು. ಬ್ರೂಸ್ ತನ್ನ ಷಡ್ಡಕನ ಶವವನ್ನು ಮರ್ಯಾದೆಯಿಂದಲೇ ಇಂಗ್ಲೆಂಡಿಗೆ ಕಳುಹಿಸಿಕೊಟ್ಟ.

ಗಿಲ್ಬರ್ಟನಿಗೆ ಮಕ್ಕಳಿರಲಿಲ್ಲ. ಅಣ್ಣತಮ್ಮಂದಿರೂ ಇರಲಿಲ್ಲ. ಇದ್ದವರು ಮೂವರು ತಂಗಿಯರು: ಎಲಿನೋರ್, ಮಾರ್ಗರೆಟ್ ಮತ್ತು ಎಲಿಜಬೆತ್. ಅವನ ಆಸ್ತಿಯ ಹುಟ್ಟುವಳಿ ವರ್ಷಕ್ಕೆ ಸುಮಾರು 6,000 ಪೌಂಡ್. ಆ ಕಾಲದಲ್ಲಿ ಹೊಲದ ಕೂಲಿಗೆ ದಿನಕ್ಕೆ ಎರಡು ಪೆನ್ನಿ ಸಿಕ್ಕರೆ ಹೆಚ್ಚು. ಪೌಂಡಿಗೆ 240 ಪೆನ್ನಿ. ಲೆಕ್ಕ ಹಾಕಿದರೆ ಇದು ಏಳು ಲಕ್ಷಕ್ಕೂ ಮೀರಿದ ದಿನಗಳ ಕೂಲಿ. ರಾಜವಂಶದ ಲ್ಯಾಂಕಾಸ್ಟರ್ ಅರ್ಲ್‌ನನ್ನು ಬಿಟ್ಟರೆ ಇಷ್ಟು ಭೂಮಿ ಇಂಗ್ಲೆಂಡಿನ ಬೇರೆ ಯಾವ ಶ್ರೀಮಂತನಿಗೂ ಇರಲಿಲ್ಲ. ಈ ಆಸ್ತಿಯನ್ನು ಮೂರು ಪಾಲು ಮಾಡಲು ಹೊರಟ ಕೆಲಸ ಕೊನೆಗೆ ದೊರೆಯ ಕಿರೀಟವನ್ನೇ ಕೆಡವಿತು.

ಕ್ಲೇರ್ ಎಂಬುದು ಪೂರ್ವ ಇಂಗ್ಲೆಂಡಿನ ಸಫೋಕ್ ಪ್ರಾಂತದ ಒಂದು ಸಣ್ಣ ಊರು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದಾಗ ಅವನ ಬಳಗದ ರಿಚರ್ಡ್ ಎಂಬುವನಿಗೆ ಸಫೋಕ್‌ನ ಕ್ಲೇರ್, ಕೆಂಟ್‌ನ ಟನ್‌ಬ್ರಿಜ್ ಮತ್ತು ಹಲವು ಪ್ರಾಂತಗಳಲ್ಲಿ ಚದುರಿದ ಹಳ್ಳಿಗಳು ದೊರೆತವು. ಊರಿನ ಹೆಸರೇ ವಂಶದ ಹೆಸರಾಯಿತು. ಮುಂದೆ ಈ ವಂಶ ಬೆಳೆದದ್ದು ಯುದ್ಧದಿಂದ ಅನ್ನುವುದಕ್ಕಿಂತ ಮದುವೆಗಳಿಂದ ಅನ್ನುವುದೇ ಸರಿ. 1217ರಲ್ಲಿ ಗ್ಲಾಸ್ಟರ್ ಅರ್ಲ್ ಪದವಿಯೂ ವೇಲ್ಸ್‌ನ ಗ್ಲಾಮೋರ್ಗನ್ ಸೀಮೆಯೂ ಬಂದದ್ದು ತಾಯಿಯ ಕಡೆಯಿಂದ. ವೇಲ್ಸ್‌ನ ಅಸ್ಕ್ ಮತ್ತು ಐರ್ಲೆಂಡಿನ ಕಿಲ್ಕೆನಿ ಬಂದದ್ದೂ ಹಾಗೆಯೇ: ಮಾರ್ಷಲ್ ಎಂಬ ಮತ್ತೊಂದು ಮಹಾವಂಶದಲ್ಲಿ ಐವರು ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ಮಕ್ಕಳಿಲ್ಲದೆ ಸತ್ತು, 1247ರಲ್ಲಿ ಆಸ್ತಿ ಐವರು ಸೋದರಿಯರ ಸಂತತಿಗೆ ಹಂಚಿಹೋಯಿತು, ಅವರಲ್ಲೊಬ್ಬಳು ಕ್ಲೇರ್ ಮನೆಗೆ ಬಂದ ಸೊಸೆ. ಬೇರೆ ವಂಶಗಳು ಗಂಡುದಿಕ್ಕಿಲ್ಲದೆ ಒಡೆದಾಗ ಉಬ್ಬಿದ ಮನೆ ಇದು. 1314ರಲ್ಲಿ ಅದೇ ಸರದಿ ಅದಕ್ಕೂ ಬಂತು.

ಆಗಿನ ಇಂಗ್ಲೆಂಡಿನ ದಾಯಭಾಗದ ನಿಯಮವನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಗಂಡುಮಕ್ಕಳಿದ್ದರೆ ಹಿರಿಯನಿಗೇ ಭೂಮಿಯೆಲ್ಲ. ಕಿರಿಯರು ಚರ್ಚನ್ನೋ ಯುದ್ಧವನ್ನೋ ಹಣವಂತೆಯಾದ ಹೆಣ್ಣನ್ನೋ ಹುಡುಕಿಕೊಳ್ಳಬೇಕು. ಗಂಡುಮಕ್ಕಳಿಲ್ಲದೆ ಹೆಣ್ಣುಮಕ್ಕಳಷ್ಟೇ ಇದ್ದರೆ ಮಾತ್ರ ಹಿರಿಕಿರಿಯರೆಂಬ ಭೇದವಿಲ್ಲದೆ ಸಮಪಾಲು. ಒಬ್ಬ ಗಂಡುಮಗನಿಗೆ ಸಿಗದ ನ್ಯಾಯ ಇಲ್ಲಿ ಹೆಣ್ಣಿಗೆ ಸಿಕ್ಕಿದಂತೆ ಕಾಣುತ್ತದೆ. ಆದರೆ ಮದುವೆಯಾದವಳ ಭೂಮಿಯ ಆಡಳಿತ, ಆದಾಯ ಎಲ್ಲವೂ ಗಂಡನ ಕೈಗೆ ಹೋಗುತ್ತಿತ್ತು. ಅವರಿಗೆ ಒಂದು ಮಗು ಜೀವಂತವಾಗಿ ಹುಟ್ಟಿದ್ದರೆ ಸಾಕು, ಹೆಂಡತಿ ಸತ್ತ ಮೇಲೂ ಗಂಡ ತನ್ನ ಆಯುಷ್ಯವಿರುವವರೆಗೆ ಆ ಭೂಮಿಯನ್ನು ಅನುಭವಿಸಬಹುದಿತ್ತು. ಇನ್ನು ದೊಡ್ಡ ಜಮೀನ್ದಾರನ ಮಗಳಾಗಲಿ ವಿಧವೆಯಾಗಲಿ ಯಾರನ್ನು ಮದುವೆಯಾಗಬೇಕೆಂಬುದರಲ್ಲಿ ದೊರೆಯ ಒಪ್ಪಿಗೆ ಬೇಕೇ ಬೇಕು, ಏಕೆಂದರೆ ಎಲ್ಲ ಭೂಮಿಯೂ ಮೂಲದಲ್ಲಿ ದೊರೆಯದು. ಹೀಗಾಗಿ ಹೆಣ್ಣಿಗೆ ಸಮಪಾಲು ಎಂದರೆ ದೊರೆ ಆರಿಸಿದ ಅಳಿಯನಿಗೆ ಸಮಪಾಲು ಎಂದೇ ಅರ್ಥ. ವಿಧವೆಗೆ ಗಂಡನ ಭೂಮಿಯ ಮೂರನೆಯ ಒಂದು ಭಾಗ ಜೀವನಾಂಶವಾಗಿ ಬರುತ್ತಿತ್ತು. ಅವಳು ಸತ್ತ ಮೇಲೆ ಅದು ವಾರಸುದಾರರಿಗೆ ಮರಳುತ್ತಿತ್ತು.

ಆಸ್ತಿ ಹೀಗೆ ಅಕ್ಕತಂಗಿಯರ ಪಾಲಿಗೆ ಬರಲು ಇನ್ನೊಂದು ಹಿನ್ನೆಲೆಯಿತ್ತು. ಇವರ ತಂದೆ, ಕೆಂಪು ಕೂದಲಿನಿಂದಾಗಿ ಕೆಂಪು ಗಿಲ್ಬರ್ಟ್ ಎಂದೇ ಹೆಸರಾದವನು, 1268ರಲ್ಲಿ ವೇಲ್ಸ್‌ನ ಕೇರ್ಫಿಲಿಯಲ್ಲಿ ಸುತ್ತಲೂ ನೀರು ನಿಲ್ಲಿಸಿ ಕೋಟೆ ಕಟ್ಟಲಾರಂಭಿಸಿದವನು. ಇಂದಿಗೂ ಬ್ರಿಟನ್ನಿನ ಅತಿ ದೊಡ್ಡ ಕೋಟೆಗಳಲ್ಲಿ ಅದೊಂದು. ಇಷ್ಟು ಬಲಿತ ಪಾಳೆಯಗಾರನನ್ನು ಒಂದನೇ ಎಡ್ವರ್ಡ್ ಅಳಿಯನನ್ನಾಗಿ ಮಾಡಿಕೊಂಡ. ಕೆಂಪು ಗಿಲ್ಬರ್ಟನ ಮೊದಲ ಮದುವೆ ರದ್ದಾಗಿ, 1290ರಲ್ಲಿ ಅವನು ರಾಜಕುಮಾರಿ ಜೋನಳನ್ನು ಕೈಹಿಡಿದ. ಅದಕ್ಕೆ ಮುಂಚೆ ಅವನು ತನ್ನ ಭೂಮಿಯನ್ನೆಲ್ಲ ದೊರೆಗೆ ಬಿಟ್ಟುಕೊಡಬೇಕಾಯಿತು. ದೊರೆ ಅದನ್ನು ಗಂಡಹೆಂಡಿರ ಹೆಸರಿಗೆ ಜಂಟಿಯಾಗಿ, ಅವರಿಬ್ಬರಿಗೂ ಹುಟ್ಟುವ ಮಕ್ಕಳಿಗೆ ಸಲ್ಲುವಂತೆ ಮರಳಿ ಕೊಟ್ಟ. ಮೊದಲ ಹೆಂಡತಿಯ ಇಬ್ಬರು ಹೆಣ್ಣುಮಕ್ಕಳು ಹಕ್ಕಿನಿಂದ ಹೊರಬಿದ್ದರು.

ಈಗ 1314ಕ್ಕೆ ಬರೋಣ. ದೊಡ್ಡ ಜಮೀನ್ದಾರ ಸತ್ತರೆ ಅವನ ಭೂಮಿ ಮೊದಲು ದೊರೆಯ ವಶಕ್ಕೆ ಹೋಗುತ್ತಿತ್ತು. ಅಧಿಕಾರಿಗಳು ಊರೂರಿಗೆ ಹೋಗಿ ಪಂಚರನ್ನು ಕೂಡಿಸಿ, ಪ್ರಮಾಣ ಮಾಡಿಸಿ, ಸತ್ತವನ ಹೊಲವೆಷ್ಟು, ಗಿರಣಿಯೆಷ್ಟು, ಗೇಣಿಯೆಷ್ಟು, ವಾರಸುದಾರರು ಯಾರು ಎಂದು ಮಹಜರು ಬರೆಸಿಕೊಳ್ಳುತ್ತಿದ್ದರು. ಗಿಲ್ಬರ್ಟನ ಮಹಜರಿನಲ್ಲೇ ತೊಡಕು ಕಾಣಿಸಿಕೊಂಡಿತು. ಕೆಲವು ಕಡೆ ಪಂಚರು ಕಿರಿಯ ತಂಗಿಯ ಹೆಸರನ್ನು ಎಲಿಜಬೆತ್ ಎನ್ನುವ ಬದಲು ಇಸಬೆಲ್ ಎಂದು ಬರೆಸಿದರು. ಆಗ ಇವೆರಡೂ ಒಂದೇ ಹೆಸರಿನ ಎರಡು ರೂಪ. ಆದರೆ ಹಕ್ಕು ಕಳೆದುಕೊಂಡ ಮಲಸೋದರಿಯರಲ್ಲಿ ಒಬ್ಬಳ ಹೆಸರು ಇಸಬೆಲ್ ಎಂದೇ ಇತ್ತು!

ದೊಡ್ಡ ತೊಡಕು ಬೇರೆಯೇ. ಗಿಲ್ಬರ್ಟನ ವಿಧವೆ ಮಾಡ್ ತಾನು ಗರ್ಭಿಣಿ ಎಂದಳು. ಹುಟ್ಟುವ ಮಗು ಬದುಕಿದರೆ ಆಸ್ತಿಯೆಲ್ಲ ಅದಕ್ಕೆ. ತಂಗಿಯರಿಗೆ ಒಂದು ಚೂರೂ ಇಲ್ಲ. ಒಂಬತ್ತು ತಿಂಗಳು ಕಳೆಯಿತು, ವರ್ಷವೂ ಕಳೆಯಿತು. ಹಿರಿಯ ತಂಗಿ ಎಲಿನೋರಳ ಗಂಡ ಹ್ಯೂ ಡಿಸ್ಪೆನ್ಸರ್ ತನ್ನ ಪಾಲು ಕೊಡಿ ಎಂದು ಮತ್ತೆ ಮತ್ತೆ ಅರ್ಜಿ ಹಾಕಿದ. ದೊರೆಯ ಮಂತ್ರಾಲೋಚಕರು ಕೊಟ್ಟ ಉತ್ತರ ದಾಖಲೆಯಲ್ಲಿ ಉಳಿದಿದೆ. ವಿಧವೆಗೆ ಹೊಟ್ಟೆಯಲ್ಲಿ ಮಗು ಮಿಸುಕಾಡಿದ್ದು ಅನುಭವಕ್ಕೆ ಬಂದಿದೆ, ನಾನಾ ಕಾರಣಗಳಿಂದ ಹೆರಿಗೆ ತಡವಾಗುವುದನ್ನು ಪ್ರಕೃತಿ ಒಪ್ಪುತ್ತದೆ, ಅಷ್ಟಕ್ಕೇ ಬಸಿರನ್ನು ಅನುಮಾನಿಸಬಾರದು ಎಂಬುದು ಅದರ ತಾತ್ಪರ್ಯ. ನ್ಯಾಯಾಧೀಶರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನುಮಾನವಿದ್ದರೆ ಅರ್ಜಿದಾರರು ವಿಧವೆಯ ಹೊಟ್ಟೆಯನ್ನು ಪರೀಕ್ಷಿಸಲು ಆಜ್ಞೆ ಪಡೆಯಬೇಕಿತ್ತು, ಪಡೆಯದಿರುವುದು ಅವರದೇ ತಪ್ಪು ಎಂದರು. ಇದನ್ನು ಬರೆದವರು ಗಂಭೀರವಾಗಿಯೇ ಬರೆದಿರಬೇಕು. ಆದರೆ ಈ ತಡದಿಂದ ಲಾಭ ಯಾರಿಗೆ ಎಂದು ಕೇಳಿದರೆ ಉತ್ತರ ಸರಳ: ಪಾಲಾಗುವವರೆಗೆ ಆ ಅಪಾರ ಆದಾಯ ಬರುತ್ತಿದ್ದುದು ದೊರೆಯ ಬೊಕ್ಕಸಕ್ಕೆ. ವಿಧವೆಯ ಬಸಿರು ಅವನಿಗೂ ಬೇಕಾಗಿತ್ತು.

ಈ ನಡುವೆ ಭೂಮಿಯ ಮೇಲೆ ಬದುಕುವವರ ಗತಿಯೇನು? 1315ರಿಂದ 1317ರವರೆಗೆ ಉತ್ತರ ಯುರೋಪಿನಾದ್ಯಂತ ಮಳೆ ಬಿಡದೆ ಸುರಿದು ಬೆಳೆ ಕೊಳೆತು ಮಹಾಕ್ಷಾಮ ಬಂದಿತ್ತು. ಅದೇ ವರ್ಷಗಳಲ್ಲಿ ಗ್ಲಾಮೋರ್ಗನ್‌ಗೆ ದೊರೆ ನೇಮಿಸಿದ ಅಧಿಕಾರಿ ಜನರನ್ನು ಹಿಂಡಿದ. ಅಲ್ಲಿನ ವೆಲ್ಷ್ ಪ್ರಮುಖ ಲಿವೆಲಿನ್ ಬ್ರೆನ್ ದೊರೆಗೆ ದೂರು ಕೊಟ್ಟ, ಕೇಳುವವರಿಲ್ಲ. 1316ರ ಜನವರಿಯಲ್ಲಿ ಅವನ ಜನ ಕೇರ್ಫಿಲಿ ಕೋಟೆಯ ಮೇಲೆ ಎರಗಿದರು. ಮಾರ್ಚ್ ಹೊತ್ತಿಗೆ ದಂಡು ಬಂದು ಸುತ್ತುವರಿದಾಗ ಲಿವೆಲಿನ್, ತಪ್ಪು ತನ್ನೊಬ್ಬನದು, ಜನರನ್ನು ಬಿಡಿ ಎಂದು ತಾನೇ ಬಂದು ಶರಣಾದ. ಅವನನ್ನು ಲಂಡನ್ನಿನ ಗೋಪುರ ಕೋಟೆಯಲ್ಲಿಟ್ಟರು.

ದೊರೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ. ಪಾಲು ಮಾಡುವುದೇ ಆದರೆ ಅದು ತನ್ನವರಿಗೆ ಸಿಗಲಿ ಎಂದು ಸೋದರ ಸೊಸೆಯರಿಗೆ ಗಂಡುಗಳನ್ನು ಗೊತ್ತುಮಾಡತೊಡಗಿದ್ದ. ಎಲಿನೋರಳಿಗೆ 1306ರಲ್ಲೇ ಡಿಸ್ಪೆನ್ಸರ್‌ನೊಂದಿಗೆ ಮದುವೆಯಾಗಿತ್ತು. ನಡುವಿನವಳು ಮಾರ್ಗರೆಟಳನ್ನು ದೊರೆ 1307ರಲ್ಲಿ ತನ್ನ ಪ್ರಾಣಸ್ನೇಹಿತ ಪಿಯರ್ಸ್ ಗ್ಯಾವೆಸ್ಟನ್‌ಗೆ ಕೊಟ್ಟಿದ್ದ. 1312ರಲ್ಲಿ ಉಳಿದ ಶ್ರೀಮಂತರು ಅವನನ್ನು ಹಿಡಿದು ಕೊಂದರು. ಕಿರಿಯವಳು ಎಲಿಜಬೆತ್ ಐರ್ಲೆಂಡಿನ ಅಲ್ಸ್ಟರ್ ಅರ್ಲ್‌ನ ಮಗ ಜಾನ್ ಡಿ ಬರ್ಗ್‌ನನ್ನು ಮದುವೆಯಾಗಿ 1313ರಲ್ಲಿ ವಿಧವೆಯಾಗಿದ್ದಳು. ಅಣ್ಣ ಸತ್ತ ಸುದ್ದಿಯೊಂದಿಗೆ ಈ ಇಬ್ಬರು ಯುವ ವಿಧವೆಯರ ಬೆಲೆ ಒಂದೇ ದಿನದಲ್ಲಿ ಏರಿತು. ದೊರೆ ಎಲಿಜಬೆತಳನ್ನು ಐರ್ಲೆಂಡಿನಿಂದ ಕರೆಸಿ ಬ್ರಿಸ್ಟಲ್ ಕೋಟೆಯಲ್ಲಿಟ್ಟ. 1316ರ ಫೆಬ್ರುವರಿಯಲ್ಲಿ ಥಿಯೋಬಾಲ್ಡ್ ಡಿ ವರ್ಡನ್ ಎಂಬ ಶ್ರೀಮಂತ ಅವಳನ್ನು ಅಲ್ಲಿಂದ ಕರೆದೊಯ್ದು ಮದುವೆಯಾದ. ಐರ್ಲೆಂಡಿನಲ್ಲೇ ಮಾತುಕತೆಯಾಗಿತ್ತು, ಅವಳೇ ಕೋಟೆಯಿಂದ ಹೊರಗೆ ಬಂದಳು ಎಂಬುದು ಅವನ ಸಮಜಾಯಿಷಿ. ಅಪಹರಣ ಎಂಬುದು ದೊರೆಯ ಕಡೆಯವರ ಮಾತು. ಆಕೆ ಏನು ಹೇಳಿದಳೆಂದು ಯಾರೂ ಬರೆದಿಟ್ಟಿಲ್ಲ. ಆರು ತಿಂಗಳು ತುಂಬುವ ಮೊದಲೇ ವರ್ಡನ್ ಸತ್ತ. ಅವಳು ಬಸುರಿಯಾಗಿದ್ದಾಗಲೇ ದೊರೆ ತನ್ನ ಮೆಚ್ಚಿನ ನೈಟ್ ರೋಜರ್ ಡ್ಯಾಮರಿಯನ್ನು ಮದುವೆಯಾಗುವಂತೆ ಪತ್ರ ಬರೆದ. 1317ರ ವಸಂತದಲ್ಲಿ, ಹೆರಿಗೆಯಾದ ಸ್ವಲ್ಪ ದಿನಕ್ಕೆ, ಆ ಮದುವೆಯೂ ಆಯಿತು. ಮಾರ್ಗರೆಟಳಿಗೆ ಇನ್ನೊಬ್ಬ ಮೆಚ್ಚಿನ ನೈಟ್ ಹ್ಯೂ ಆಡ್ಲಿ ಗಂಡನಾದ. ಆಗ ದೊರೆಗೆ ಮಾಡ್‌ಳ ಬಸಿರಿನ ಅಗತ್ಯ ಉಳಿಯಲಿಲ್ಲ. ಗರ್ಭವಿಲ್ಲವೆಂದು ತೀರ್ಮಾನವಾಗಿ 1317ರ ನವೆಂಬರಿನಲ್ಲಿ ಪಾಲಾಯಿತು.

ವಿಧವೆಯ ಮೂರನೆಯ ಒಂದು ಭಾಗ ತೆಗೆದಿಟ್ಟು ಉಳಿದದ್ದನ್ನು ಆದಾಯ ಲೆಕ್ಕಹಾಕಿ ಹಂಚಿದರು. 1320ರಲ್ಲಿ ಅವಳು ತೀರಿಕೊಂಡಾಗ ಆ ಭಾಗವನ್ನೂ ಹಾಗೆಯೇ ಹಂಚಲಾಯಿತು. ಎಲಿನೋರಳಿಗೆ ಕಾರ್ಡಿಫ್ ಮತ್ತು ಕೇರ್ಫಿಲಿ ಸಹಿತ ಗ್ಲಾಮೋರ್ಗನ್. ಮಾರ್ಗರೆಟಳಿಗೆ ಅದಕ್ಕೆ ತಾಗಿದ ನ್ಯೂಪೋರ್ಟ್ ಸೀಮೆ ಮತ್ತು ಟನ್‌ಬ್ರಿಜ್. ಎಲಿಜಬೆತಳಿಗೆ ಅದರಾಚೆಯ ಅಸ್ಕ್, ಜೊತೆಗೆ ಮೂಲಸ್ಥಾನವಾದ ಕ್ಲೇರ್. ಕಾಗದದ ಮೇಲೆ ನ್ಯಾಯವಾಗಿಯೇ ಇತ್ತು. ಆದರೆ ವೇಲ್ಸ್ ಗಡಿಯ ಈ ಸೀಮೆಗಳು ಸಾಮಾನ್ಯ ಜಮೀನಲ್ಲ. ಅಲ್ಲಿ ದೊರೆಯ ಆಜ್ಞಾಪತ್ರ ನಡೆಯುತ್ತಿರಲಿಲ್ಲ. ಒಡೆಯನದೇ ನ್ಯಾಯಸ್ಥಾನ, ಒಡೆಯನದೇ ಗಲ್ಲು. ಪಕ್ಕದ ಒಡೆಯನ ಮೇಲೆ ಯುದ್ಧ ಮಾಡುವುದೂ ಅವನ ಹಕ್ಕು. ಅಂಥ ಮೂರು ಸಣ್ಣ ರಾಜ್ಯಗಳನ್ನು ಒಂದರ ಪಕ್ಕ ಒಂದು ಇಟ್ಟು ಮೂವರು ಷಡ್ಡಕರಿಗೆ ಕೊಟ್ಟಂತಾಯಿತು.

ಅವರಲ್ಲಿ ಡಿಸ್ಪೆನ್ಸರ್‌ಗೆ ಸಮಪಾಲು ಸಾಲದು. ಪಾಲುಪಟ್ಟಿಯ ಮಸಿ ಆರುವ ಮೊದಲೇ ಅವನು ನ್ಯೂಪೋರ್ಟ್ ಸೀಮೆಯ ಜನರಿಂದ ತನಗೇ ನಿಷ್ಠೆಯ ಪ್ರಮಾಣ ಮಾಡಿಸಿಕೊಂಡ. 1318ರಲ್ಲಿ ದೊರೆಯ ಆಪ್ತ ಅಧಿಕಾರಿಯಾದ ಮೇಲೆ ಅವನನ್ನು ತಡೆಯುವವರಿಲ್ಲ. ಆಡ್ಲಿ ದಂಪತಿಗಳು ನ್ಯೂಪೋರ್ಟ್ ಬಿಟ್ಟುಕೊಟ್ಟು ಅದಕ್ಕಿಂತ ಕಡಿಮೆ ಬೆಲೆಯ ಇಂಗ್ಲಿಷ್ ಹಳ್ಳಿಗಳನ್ನು ಒಪ್ಪಿಕೊಳ್ಳಬೇಕಾಯಿತು. ಅದೇ ವರ್ಷ ಅವನು ಲಿವೆಲಿನ್ ಬ್ರೆನ್‌ನನ್ನು ಲಂಡನ್ನಿನಿಂದ ಕಾರ್ಡಿಫ್‌ಗೆ ತರಿಸಿ, ವಿಚಾರಣೆಯಿಲ್ಲದೆ ಘೋರವಾಗಿ ಕೊಲ್ಲಿಸಿದ. 1320ರಲ್ಲಿ ಗ್ಲಾಮೋರ್ಗನ್‌ನ ಪಶ್ಚಿಮಕ್ಕಿದ್ದ ಗವರ್ ಸೀಮೆ ಮಾರಾಟಕ್ಕೆ ಬಂದಾಗ, ಅಪ್ಪಣೆಯಿಲ್ಲದೆ ಕೈಬದಲಾಗಿದೆ ಎಂಬ ನೆಪದಲ್ಲಿ ಅದನ್ನು ದೊರೆ ವಶಪಡಿಸಿಕೊಳ್ಳುವಂತೆ ಮಾಡಿದ. ಗಡಿಯ ಸೀಮೆಗಳಲ್ಲಿ ಅಂಥ ಅಪ್ಪಣೆ ಬೇಕಿಲ್ಲವೆಂಬುದು ಬಹುಕಾಲದ ರೂಢಿ. ಇವತ್ತು ಗವರ್, ನಾಳೆ ತಮ್ಮದು ಎಂದು ಒಡೆಯರೆಲ್ಲ ಒಂದಾದರು. 1321ರ ಮೇ ತಿಂಗಳಲ್ಲಿ ಆಡ್ಲಿ, ಡ್ಯಾಮರಿ ಮತ್ತಿತರರು ಡಿಸ್ಪೆನ್ಸರನ ಸೀಮೆಯನ್ನು ಸುಟ್ಟು ಸೂರೆಮಾಡಿದರು. ಸುಟ್ಟ ಹಳ್ಳಿಗಳು ಏಳು ವರ್ಷದ ಹಿಂದೆ ಅವರವರ ಹೆಂಡಿರ ತವರಿನವೇ.

ಡಿಸ್ಪೆನ್ಸರ್‌ಗೆ ಗಡೀಪಾರಾಯಿತು, ಆದರೆ ಕೆಲವೇ ತಿಂಗಳು. 1322ರ ಮಾರ್ಚ್ 16ರಂದು ಬರೋಬ್ರಿಜ್ ಕಾಳಗದಲ್ಲಿ ದೊರೆಯ ಕಡೆಯವರು ಗೆದ್ದರು. ಡ್ಯಾಮರಿ ಅದಕ್ಕೆ ಕೆಲವು ದಿನ ಮುಂಚೆ ಸತ್ತಿದ್ದ. ಆಡ್ಲಿ ಸೆರೆಸಿಕ್ಕ, ಹೆಂಡತಿಯ ಮೊರೆಯಿಂದ ಅವನ ತಲೆ ಉಳಿಯಿತು. ಅಕ್ಕತಂಗಿಯರ ಮೇಲೆ ಕಾನೂನು ಎಷ್ಟು ವಿಚಿತ್ರವಾಗಿ ಕೆಲಸ ಮಾಡಿತೆಂಬುದನ್ನು ಇಲ್ಲಿ ನೋಡಬೇಕು. ಗಂಡ ರಾಜದ್ರೋಹಿಯಾದರೆ ಅವನ ಸ್ವಂತ ಆಸ್ತಿ ಮುಟ್ಟುಗೋಲಾಗುತ್ತದೆ. ಹೆಂಡತಿಗೆ ತವರಿನಿಂದ ಬಂದದ್ದು ಅವನು ಬದುಕಿರುವವರೆಗೆ ಮಾತ್ರ ದೊರೆಗೆ ಸೇರುತ್ತದೆ. ಮಾರ್ಗರೆಟ್ ಗಂಡನ ಜೀವ ಉಳಿಸಿಕೊಂಡಳು. ಅವನು ಜೀವಂತ ಇದ್ದುದರಿಂದಲೇ ಅವಳ ಭೂಮಿ ಹೋಯಿತು. ಅವಳನ್ನು ಸೆಂಪ್ರಿಂಗ್‌ಹ್ಯಾಮ್ ಮಠದಲ್ಲಿ ಕೂಡಿಹಾಕಿದರು. ಇಪ್ಪತ್ತಾರನೆಯ ವಯಸ್ಸಿಗೆ ಮೂರನೆಯ ಸಲ ವಿಧವೆಯಾದ ಎಲಿಜಬೆತಳಿಗೆ ಭೂಮಿ ಮರಳಲೇಬೇಕಿತ್ತು.

ಮರಳಿತು, ಆದರೆ ಪೂರ್ತಿಯಾಗಿ ಅಲ್ಲ. ಮಕ್ಕಳೊಂದಿಗೆ ಬಾರ್ಕಿಂಗ್ ಮಠದಲ್ಲಿ ಸೆರೆಯಿದ್ದವಳಿಂದ ಅಸ್ಕ್ ಸೀಮೆಯನ್ನು ಡಿಸ್ಪೆನ್ಸರ್‌ಗೆ ಬರೆಸಿಕೊಂಡು, ಬದಲಿಗೆ ಅಷ್ಟು ಬೆಲೆಬಾಳದ ಗವರ್ ಕೊಟ್ಟರು. 1322ರ ಕ್ರಿಸ್ಮಸ್‌ಗೆ ಅವಳನ್ನು ಯಾರ್ಕ್‌ಗೆ ಕರೆಸಿ, ಅವಳ ಸಲಹೆಗಾರರನ್ನು ದೂರವಿಟ್ಟು, ಇನ್ನಷ್ಟು ಪತ್ರಗಳಿಗೆ ಮೊಹರು ಒತ್ತಿಸಿಕೊಂಡರು. ಸ್ವಲ್ಪ ಕಾಲದಲ್ಲಿ ಗವರ್‌ನ ಹಳೆಯ ಒಡೆಯನಿಂದ ಅವಳ ಮೇಲೆ ದಾವೆ ಹೂಡಿಸಿ ಅದನ್ನೂ ಕಿತ್ತುಕೊಂಡರು; ಗೆದ್ದವನು ಅದನ್ನು ಡಿಸ್ಪೆನ್ಸರ್ ಮನೆಗೆ ದಾಟಿಸಿದ. ಹೀಗೆ ಮೋಸ ಮಾಡಿದವನು ಸ್ವಂತ ಅಕ್ಕನ ಗಂಡ, ನೆರವಾದವನು ಸೋದರಮಾವ.

1326ರ ಮೇ ತಿಂಗಳಲ್ಲಿ ಎಲಿಜಬೆತ್ ಕ್ಲೇರ್‌ನಲ್ಲಿ ಒಂದು ಕೆಲಸ ಮಾಡಿದಳು. ನೋಟರಿಯ ಮುಂದೆ, ಗುಟ್ಟಾಗಿ, ತನ್ನ ಮೇಲೆ ನಡೆದ ಬಲಾತ್ಕಾರವನ್ನೆಲ್ಲ ದಾಖಲೆ ಮಾಡಿಸಿದಳು. ದೊರೆ ಬೆದರಿಸಿದ್ದು, ತನ್ನನ್ನು ಒಂಟಿಯಾಗಿಸಿ ಪತ್ರ ಬರೆಸಿಕೊಂಡದ್ದು, ಒಪ್ಪದಿದ್ದರೆ ಅವನಿಂದ ಒಂದು ತುಂಡು ನೆಲವೂ ಸಿಗದೆಂದದ್ದು, ಎಲ್ಲ ಅದರಲ್ಲಿತ್ತು. ಡಿಸ್ಪೆನ್ಸರ್ ಅಧಿಕಾರದ ತುತ್ತತುದಿಯಲ್ಲಿದ್ದ ಕಾಲವದು. ಆ ಕಾಗದ ಹೊರಗೆ ಬಿದ್ದಿದ್ದರೆ ಅವಳ ಗತಿ ಏನಾಗುತ್ತಿತ್ತೋ. ಅದರ ನಕಲು ಇಂದಿಗೂ ಉಳಿದಿದೆ.

ಅವಳ ಕಾಯುವಿಕೆ ಬಹಳ ದಿನದ್ದಾಗಲಿಲ್ಲ. ಸೆಪ್ಟೆಂಬರಿನಲ್ಲಿ ರಾಣಿ ಇಸಬೆಲ್ಲಾ ತನ್ನ ಪ್ರಿಯಕರ ರೋಜರ್ ಮಾರ್ಟಿಮರ್‌ನೊಂದಿಗೆ ಸೈನ್ಯ ಕಟ್ಟಿಕೊಂಡು ಬಂದಿಳಿದಳು. ದೊರೆಯೂ ಡಿಸ್ಪೆನ್ಸರನೂ ವೇಲ್ಸ್‌ಗೆ ಓಡಿದರು. ಅವರು ಸಿಕ್ಕಿಬಿದ್ದದ್ದು ಗ್ಲಾಮೋರ್ಗನ್‌ನಲ್ಲೇ, ಅಂದರೆ ಡಿಸ್ಪೆನ್ಸರ್‌ಗೆ ಪಾಲಿನಲ್ಲಿ ಬಂದ ನೆಲದಲ್ಲೇ. ಒಡೆಯನಿಗಾಗಿ ಅಲ್ಲಿ ಎದ್ದುನಿಂತವರು ಯಾರೂ ಇರಲಿಲ್ಲ; ಲಿವೆಲಿನ್‌ನನ್ನು ಜನ ಮರೆತಿರಲಿಲ್ಲ. ನವೆಂಬರ್ 24ರಂದು ಹೆರಿಫರ್ಡ್‌ನಲ್ಲಿ ಡಿಸ್ಪೆನ್ಸರ್‌ನನ್ನು ಗಲ್ಲಿಗೇರಿಸಿ ಕಡಿದು ತುಂಡುಮಾಡಿದರು. 1327ರ ಜನವರಿಯಲ್ಲಿ ಎರಡನೇ ಎಡ್ವರ್ಡ್ ಸಿಂಹಾಸನ ಕಳೆದುಕೊಂಡ. ಎಲಿನೋರ್ ಸೆರೆಮನೆ ಸೇರಿದಳು. ಅವಳ ಮೂವರು ಹೆಣ್ಣುಮಕ್ಕಳನ್ನು ಬಲವಂತವಾಗಿ ಸನ್ಯಾಸಿನಿಯರನ್ನಾಗಿ ಮಾಡಿದರು. ಅವರಿಗೆ ಮದುವೆಯಾಗದಿದ್ದರೆ ಪಾಲು ಕೇಳುವ ಅಳಿಯರೂ ಇರುವುದಿಲ್ಲ.

ಮಾರ್ಗರೆಟ್ ಬಿಡುಗಡೆಯಾಗಿ ಗಂಡನೊಂದಿಗೆ ಬಾಳಿದಳು. ಆಡ್ಲಿ 1337ರಲ್ಲಿ ಗ್ಲಾಸ್ಟರಿನ ಅರ್ಲ್ ಆದ. ಅದಕ್ಕೆ ಒಂದು ವರ್ಷ ಮುಂಚೆ ಅವರ ಒಬ್ಬಳೇ ಮಗಳನ್ನು ರಾಲ್ಫ್ ಸ್ಟಾಫರ್ಡ್ ಎಂಬವನು ಹೊತ್ತೊಯ್ದು ಮದುವೆಯಾಗಿದ್ದ. ಆಸ್ತಿಯೂ ಅವಳ ಹಿಂದೆ ಆ ಮನೆಗೆ ಹೋಯಿತು.

ಎಲಿಜಬೆತ್ 1327ರಲ್ಲಿ ಅಸ್ಕ್ ಮರಳಿ ಪಡೆದಳು. ಮತ್ತೆ ಮದುವೆಯಾಗಲಿಲ್ಲ. ಮೂವರು ಗಂಡಂದಿರಿಂದ ಬಂದ ವಿಧವಾಂಶ, ತವರಿನ ಪಾಲು ಎಲ್ಲ ಸೇರಿ ವರ್ಷಕ್ಕೆ 2,500ರಿಂದ 3,000 ಪೌಂಡ್ ಆದಾಯವನ್ನು 1360ರಲ್ಲಿ ಸಾಯುವವರೆಗೆ ತಾನೇ ಆಳಿದಳು. ಮೊದಲ ಗಂಡನ ಮನೆತನದ ಹೆಸರಿಟ್ಟುಕೊಂಡು 'ಕ್ಲೇರ್‌ನ ಒಡತಿ' ಎಂದು ಬರೆಯಿಸಿಕೊಳ್ಳುತ್ತಿದ್ದಳು. ಅವಳ ಮನೆವಾರ್ತೆಯ ಲೆಕ್ಕದ ಸುರುಳಿಗಳು ಹೇರಳವಾಗಿ ಉಳಿದಿವೆ. ಬ್ರೆಡ್ಡು, ಬಿಯರು, ಮೀನು, ಮೇಣದ ಬತ್ತಿ, ಕುದುರೆಯ ಮೇವು, ಆಳುಗಳಿಗೆ ಕೊಟ್ಟ ಬಟ್ಟೆ ಎಲ್ಲಕ್ಕೂ ಲೆಕ್ಕ. ಆ ಕಾಲದ ದೊಡ್ಡ ಮನೆಯೊಂದು ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಇತಿಹಾಸಕಾರರು ಇಂದು ಮೊರೆಹೋಗುವುದು ಇವನ್ನೇ. ಕೇಂಬ್ರಿಜ್‌ನಲ್ಲಿ 1326ರಲ್ಲಿ ಆರಂಭವಾಗಿ ಬಡತನದಲ್ಲಿದ್ದ ವಿದ್ಯಾಲಯವೊಂದನ್ನು ಅವಳು ಕೈಗೆತ್ತಿಕೊಂಡಳು. ಅದೇ ಇಂದಿನ ಕ್ಲೇರ್ ಕಾಲೇಜು. 1359ರಲ್ಲಿ ಅದಕ್ಕೆ ನಿಯಮಾವಳಿ ಬರೆಯಿಸುವಾಗ, ಪ್ಲೇಗಿನಿಂದ ವಿದ್ವಾಂಸರು ನಶಿಸಿಹೋಗಿರುವುದನ್ನು ನೆನೆದಿದ್ದಾಳೆ. ಕಾಲೇಜಿನ ಲಾಂಛನದ ಸುತ್ತ ಕಪ್ಪು ಅಂಚಿನ ಮೇಲೆ ಚಿನ್ನದ ಹನಿಗಳಿವೆ. ಅವು ಆಕೆಯ ಕಣ್ಣೀರು ಎನ್ನುತ್ತಾರೆ.

ಪಾಲುಗಳ ಕಥೆ ಇನ್ನೂ ಸ್ವಲ್ಪ ಇದೆ. ಎಲಿಜಬೆತಳ ಒಬ್ಬನೇ ಮಗ 1333ರಲ್ಲಿ ಐರ್ಲೆಂಡಿನಲ್ಲಿ ಕೊಲೆಯಾದ. ಅವನಿಗೂ ಒಂದೇ ಹೆಣ್ಣುಮಗು. ಅವಳನ್ನು ಮೂರನೇ ಎಡ್ವರ್ಡ್ ತನ್ನ ಮಗ ಲಯೊನೆಲ್‌ಗೆ ತಂದುಕೊಂಡ. ಈ ಸೊಸೆಯ ಮನೆಯಲ್ಲಿ 1357ರಲ್ಲಿ ಚಾಕರಿಗಿದ್ದ ಹುಡುಗನೇ ಮುಂದೆ ಕವಿ ಚಾಸರ್ ಎಂದು ಹೆಸರಾದವನು. ಲಯೊನೆಲ್‌ಗೆ ಸಿಕ್ಕ 'ಕ್ಲಾರೆನ್ಸ್' ಎಂಬ ಡ್ಯೂಕ್ ಪದವಿ ಕ್ಲೇರ್ ಊರಿನಿಂದಲೇ ಬಂದ ಹೆಸರು. ಅವರ ಒಬ್ಬಳೇ ಮಗಳ ವಂಶದವನು ನಾಲ್ಕನೇ ಎಡ್ವರ್ಡ್. 1461ರಲ್ಲಿ ಅವನು ದೊರೆಯಾದಾಗ ಕ್ಲೇರ್ ಮತ್ತು ಅಸ್ಕ್ ರಾಜಮನೆತನದವಾದವು. ಎಲಿನೋರಳ ಗ್ಲಾಮೋರ್ಗನ್ ಹೆಣ್ಣುಮಕ್ಕಳ ಮೂಲಕವೇ ಮನೆಯಿಂದ ಮನೆಗೆ ಹೋಗಿ ಮೂರನೇ ರಿಚರ್ಡನ ಹೆಂಡತಿಯವರೆಗೆ ಬಂದು, ಏಳನೇ ಹೆನ್ರಿಯ ಕಾಲಕ್ಕೆ ದೊರೆತನಕ್ಕೆ ಸೇರಿತು. ಮಾರ್ಗರೆಟಳ ಪಾಲನ್ನು ಹೊಂದಿದ್ದ ಸ್ಟಾಫರ್ಡ್ ವಂಶದ ಡ್ಯೂಕ್‌ನನ್ನು 1521ರಲ್ಲಿ ಎಂಟನೇ ಹೆನ್ರಿ ಶಿರಚ್ಛೇದ ಮಾಡಿಸಿ ಆಸ್ತಿ ಮುಟ್ಟುಗೋಲು ಹಾಕಿದ. 1290ರಲ್ಲಿ ದೊರೆ ತನಗೆ ಬರೆಸಿಕೊಂಡು ಮರಳಿ ಕೊಟ್ಟಿದ್ದ ಭೂಮಿ ಹೀಗೆ ಮೂರು ದಾರಿ ಸುತ್ತಿ ದೊರೆಯಲ್ಲಿಗೇ ಬಂತು.

ಕ್ಲೇರ್‌ನಲ್ಲಿ ಈಗ ಉಳಿದಿರುವುದು ಎತ್ತರದ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಮುರಿದ ಗೋಡೆಯ ಒಂದು ತುಂಡು. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟೆಯ ಒಳಾಂಗಣದಲ್ಲೇ ರೈಲು ನಿಲ್ದಾಣ ಕಟ್ಟಿದ್ದರು. 1967ರಲ್ಲಿ ಅದೂ ಮುಚ್ಚಿತು. ಈಗ ಅಲ್ಲಿ ಊರಿನವರು ಸಂಜೆ ತಿರುಗಾಡುವ ಉದ್ಯಾನವಿದೆ.